ಬಿಚ್ಚಿ ಕಟ್ಟೋ ವೇಪ್ ಟ್ಯಾಂಕ್: ಎರಡು ವರ್ಷ ಬಳಸಿದವನ ರಿವ್ಯೂ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ನಾನು ಮಾತಾಡ್ತಿರೋದು ಸಂಡೂರು ತಾಲೂಕಿನ ನಮ್ಮೂರು ಚೋರನೂರಿಂದ. ಹಿಂದೆ ಟ್ರ್ಯಾಕ್ಟರ್ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ತಿಂಗಳು ಊರಿಗೆ ಬಂದಾಗ ಪಕ್ಕದ ಮನೆ ಹುಡುಗ ಒಬ್ಬ ಬಂದ. ಹತ್ತೊಂಬತ್ತು ವಯಸ್ಸು, ಹೊಸಪೇಟೆಯಲ್ಲಿ ಕಾಲೇಜು. ಜೇಬಿಂದ ಕರ್ಚೀಫ್‌ನಲ್ಲಿ ಸುತ್ತಿದ್ದ ಒಂದು ವಸ್ತು ತೆಗೆದು, "ಅಣ್ಣಾ, ನೀನು ಫಾರಿನ್‌ನಲ್ಲಿ ಇದನ್ನ ಸೇದ್ತಿದ್ದೆ ಅಂತ ಗೊತ್ತು. ಕಾಯಿಲ್ ಸುಟ್ಟೋಗೈತೆ, ಹೊಸದು ಕಟ್ಟಿಕೊಡು" ಅಂದ.

ಅದು ರೀಬಿಲ್ಡೆಬಲ್ ವೇಪ್ ಟ್ಯಾಂಕ್. ಅಂದ್ರೆ ಬಿಚ್ಚಿ, ಒಳಗಿನ ತಂತಿ ಮತ್ತು ಹತ್ತಿ ಬದಲಾಯಿಸಿ, ಮತ್ತೆ ಕಟ್ಟಬಹುದಾದ ಟ್ಯಾಂಕ್. ಹುಡುಗ ಹೇಳಿದ್ದು ನಿಜ. ಮ್ಯಾಂಚೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾಗ ಎರಡು ವರ್ಷ ಇಂಥದ್ದನ್ನೇ ಬಳಸಿದ್ದೆ. ಹಾಗಾಗಿ ಇವತ್ತು ಒಂದು ಪ್ರಾಮಾಣಿಕ ರಿವ್ಯೂ. ಮೊದಲು ಡಿಸೈನ್, ಆಮೇಲೆ ದಿನನಿತ್ಯದ ಬಳಕೆ, ಕೊನೆಗೆ ಆ ಹುಡುಗನಿಗೆ ನಾನು ಏನು ಹೇಳಿದೆ ಅನ್ನೋದು.

ಡಿಸೈನ್ ನಮ್ಮ ಹಳೇ ಬತ್ತಿ ಸ್ಟೌ ಇದ್ದ ಹಾಗೆ. ಸುತ್ತ ಗಾಜಿನ ಟ್ಯಾಂಕ್, ಅದರಲ್ಲಿ ಲಿಕ್ವಿಡ್. ನಡುವೆ ಪುಟ್ಟ ಕಟ್ಟೆ, ಅದರ ಮೇಲೆ ತಂತಿ ಸುರುಳಿ. ಸುರುಳಿಯೊಳಗೆ ಹತ್ತಿಯ ಬತ್ತಿ. ಬತ್ತಿ ಲಿಕ್ವಿಡ್ ಹೀರುತ್ತೆ, ಬ್ಯಾಟರಿ ತಂತಿಯನ್ನ ಕಾಯಿಸುತ್ತೆ, ಲಿಕ್ವಿಡ್ ಆವಿಯಾಗುತ್ತೆ. ಕೆಳಗೆ ಗಾಳಿ ಹೆಚ್ಚುಕಮ್ಮಿ ಮಾಡೋ ರಿಂಗ್. ಲಿಕ್ವಿಡ್ ಸೋರದಂತೆ ಅಲ್ಲಲ್ಲಿ ರಬ್ಬರ್ ವಾಷರ್. ಅಷ್ಟೇ.

ರಿಪೇರಿ ಅನ್ನೋ ದೃಷ್ಟಿಯಿಂದ ನೋಡಿದ್ರೆ ನಿಜಕ್ಕೂ ಒಳ್ಳೇ ಡಿಸೈನ್. ಗಾಜು ಒಡೆದ್ರೆ ಗಾಜು ಮಾತ್ರ ಬದಲಾಯಿಸಿ. ವಾಷರ್ ಸವೆದ್ರೆ ವಾಷರ್ ಮಾತ್ರ. ಬಳಸಿ ಬಿಸಾಡೋ ವೇಪ್‌ನಲ್ಲಿ ಬ್ಯಾಟರಿ ಸಮೇತ ಇಡೀ ವಸ್ತು ಕಸಕ್ಕೆ ಹೋಗುತ್ತೆ. ಬ್ರಿಟನ್ನು 2025ರ ಜೂನ್ 1ರಿಂದ ಅಂಥವುಗಳ ಮಾರಾಟವನ್ನೇ ನಿಲ್ಲಿಸ್ತು. ಈ ವಿಷಯದಲ್ಲಿ ನಮ್ಮ ಟ್ಯಾಂಕಿಗೆ ಹತ್ತಕ್ಕೆ ಎಂಟು ಕೊಡ್ತೀನಿ.

ಈಗ ದಿನನಿತ್ಯದ ಕಥೆ. ಇಲ್ಲಿ ಮಾರ್ಕ್ಸ್ ಇಳಿಯುತ್ತೆ. ಹತ್ತಿ ಸ್ವಲ್ಪ ಬಿಗಿಯಾದ್ರೆ ಲಿಕ್ವಿಡ್ ಮೇಲೆ ಬರಲ್ಲ, ಒಣ ಹತ್ತಿ ಸುಟ್ಟು ಗಂಟಲು ಉರಿದುಹೋಗುತ್ತೆ. ಸಡಿಲವಾದ್ರೆ ಗಾಳಿ ತೂತಿಂದ ಸೋರುತ್ತೆ. ಒಂದು ಸಲ ಆಫೀಸಿಗೆ ಹೋಗೋ ಬಸ್ಸಿನಲ್ಲಿ ಪ್ಯಾಂಟ್ ಜೇಬೆಲ್ಲ ಒದ್ದೆ. ಆ ಲಿಕ್ವಿಡ್‌ನಲ್ಲಿ ಇರೋದು ನಿಕೋಟಿನ್. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ಬಾಟಲಿ ಮಗುವಿನ ಕೈಗೆ ಸಿಕ್ಕಿದ್ರೆ ಜೀವಕ್ಕೇ ಅಪಾಯ.

ಇನ್ನು ಕರೆಂಟಿನ ಲೆಕ್ಕ. ಫುಲ್ ಚಾರ್ಜ್ ಆದ ಸೆಲ್ 4.2 ವೋಲ್ಟ್. ಕಾಯಿಲ್ 0.5 ಓಮ್ ಇದ್ದರೆ ನೇರವಾಗಿ ಹರಿಯೋ ಕರೆಂಟ್ 8.4 ಆಂಪಿಯರ್. ತಂತಿ ತಪ್ಪಾಗಿ ತಾಗಿ 0.1 ಓಮ್‌ಗೆ ಇಳಿದ್ರೆ ಅದು 42 ಆಂಪಿಯರ್. ಇಂಥ ಸಾಮಾನ್ಯ ಸೆಲ್ ತಡೆಯೋದಕ್ಕಿಂತ ಅದು ಬಹಳ ಜಾಸ್ತಿ. ಒಳ್ಳೇ ಡಿವೈಸ್ ಆದ್ರೆ ತಾನೇ ಆಫ್ ಆಗುತ್ತೆ. ಅಗ್ಗದ ನಕಲಿ ಆದ್ರೆ ಸೆಲ್ ಕಾದು ಸಿಡಿಯಬಹುದು. ಬತ್ತಿ ಸ್ಟೌ ಹಚ್ಚೋಕೆ ಅಜ್ಜಿಗೆ ಓಮ್‌ನ ನಿಯಮ ಗೊತ್ತಿರಬೇಕಿರಲಿಲ್ಲ, ಇಲ್ಲಿ ಗೊತ್ತಿರಲೇಬೇಕು. ಬಳಕೆಗೆ ಹತ್ತಕ್ಕೆ ಮೂರು.

ಹಾಗಾದ್ರೆ ನಾನ್ಯಾಕೆ ಬಳಸಿದೆ? ಕಾಲೇಜಿನಿಂದಲೂ ಸಿಗರೇಟ್ ಸೇದ್ತಿದ್ದೆ, ಬಿಡೋಕೆ ಅಂತ ಹಿಡಿದೆ. ಅಲ್ಲಿನ ಕಾನೂನಿನ ಪ್ರಕಾರ ಟ್ಯಾಂಕ್ 2 ಮಿಲಿಲೀಟರ್ ಮೀರಬಾರದು, ನಿಕೋಟಿನ್ ಮಿಲಿಲೀಟರ್‌ಗೆ 20 ಮಿಲಿಗ್ರಾಂ ದಾಟಬಾರದು, ಬಾಟಲಿ ಮೇಲೆ ಪ್ರಮಾಣ ಬರೆದಿರಲೇಬೇಕು. ಆ ಲೇಬಲ್ ನೋಡ್ಕೊಂಡೇ ನಾನು 12ರಿಂದ 6ಕ್ಕೆ, 6ರಿಂದ 3ಕ್ಕೆ ಇಳಿದೆ. ಸಿಗರೇಟ್ ಬಿಟ್ಟಿತು. ಆದ್ರೆ ಟ್ಯಾಂಕ್ ಬಿಡಲಿಲ್ಲ. ಸಿಗರೇಟ್ ಒಂದು ಕಡೆ ಮುಗಿಯುತ್ತೆ, ಇದಕ್ಕೆ ಮುಗಿಯೋದೇ ಇಲ್ಲ. ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಕೊಂಡು ದಿನವಿಡೀ ಎಳೀತಿದ್ದೆ.

ಭಾರತಕ್ಕೆ ವಾಪಸ್ ಬರುವಾಗ ಅದನ್ನ ಅಲ್ಲೇ ಬಿಟ್ಟೆ, ಯಾಕಂದ್ರೆ ಇಲ್ಲಿ ತರೋ ಹಾಗೇ ಇಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವನ್ನೂ ನಿಲ್ಲಿಸ್ತು. ಮೊದಲ ಸಲ ಸಿಕ್ಕಿಬಿದ್ರೆ ಒಂದು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಂದ ಮೊದಲ ಎರಡು ವಾರ ತಲೆನೋವು, ಸಿಟ್ಟು, ನಿದ್ದೆ ಇಲ್ಲ. ಆಮೇಲೆ ಡಾಕ್ಟರ್ ಕೇಳಿ ಮೆಡಿಕಲ್ ಶಾಪಿನ 2 ಮಿಲಿಗ್ರಾಂ ನಿಕೋಟಿನ್ ಗಮ್ ಹಿಡಿದೆ. ಅದಕ್ಕೆ ಹತ್ತಿ ಬೇಡ, ತಂತಿ ಬೇಡ. ಎಷ್ಟು ತಗೊಂಡೆ ಅಂತ ಎಣಿಸಬಹುದು, ಎಣಿಸಿ ಕಮ್ಮಿ ಮಾಡಬಹುದು. ನಾಲ್ಕು ತಿಂಗಳಲ್ಲಿ ಅದೂ ನಿಂತಿತು.

ಈಗ ಹುಡುಗನ ವಿಷಯ. ಟ್ಯಾಂಕ್ ಕೈಗೆ ತಗೊಂಡು ನೋಡಿದೆ. ಗಾಜಿನ ಅಂಚು ಚಕ್ಕೆ ಎದ್ದಿತ್ತು. ಲಿಕ್ವಿಡ್ ಬಾಟಲಿ ಮೇಲೆ ಮಾವಿನಹಣ್ಣಿನ ಚಿತ್ರ ಬಿಟ್ರೆ ಬೇರೆ ಏನೂ ಇರಲಿಲ್ಲ. ನಿಕೋಟಿನ್ ಎಷ್ಟು? ಗೊತ್ತಿಲ್ಲ. ಯಾರು ಮಾಡಿದ್ದು? ಗೊತ್ತಿಲ್ಲ. "ಮೊದಲು ಎಷ್ಟು ಸಿಗರೇಟ್ ಸೇದ್ತಿದ್ದೆ?" ಅಂತ ಕೇಳಿದೆ.

"ಇಲ್ಲಣ್ಣ, ಸಿಗರೇಟ್ ಮುಟ್ಟೇ ಇಲ್ಲ" ಅಂದ. ಹೆಮ್ಮೆಯಿಂದ ಹೇಳಿದ.

ಅಲ್ಲಿಗೆ ನನಗೆ ಸಾಕಾಯ್ತು. ನನಗೆ ಅದು ಒಂದು ಚಟದಿಂದ ಹೊರಗೆ ಬರೋ ಬಾಗಿಲಾಗಿತ್ತು, ಅದೂ ಅರ್ಧ ತೆರೆದದ್ದು. ಇವನಿಗೆ ಅದೇ ಒಳಗೆ ಹೋಗೋ ಬಾಗಿಲು. ನಾನು ಕಾಯಿಲ್ ಕಟ್ಟಿಕೊಡಲಿಲ್ಲ. ಬೈಯಲೂ ಇಲ್ಲ. "ನಾಳೆ ಬೆಳಗ್ಗೆಯಿಂದ ಸಂಜೆವರೆಗೆ ಇದಿಲ್ಲದೆ ಇದ್ದು ಬಾ, ಆಮೇಲೆ ಮಾತಾಡೋಣ" ಅಂದೆ.

ಮಾರನೇ ದಿನ ಮಧ್ಯಾಹ್ನವೇ ಬಂದ. ಮುಖ ಸಪ್ಪಗಿತ್ತು. "ಆಗ್ತಿಲ್ಲಣ್ಣ" ಅಂದ. ಇಬ್ಬರೂ ಕೂತು ತಂಬಾಕು ಬಿಡಿಸೋ ಸರ್ಕಾರಿ ಸಹಾಯವಾಣಿಗೆ ಫೋನ್ ಮಾಡಿದ್ವಿ. ನಂಬರ್ 1800-11-2356, ಕರೆ ಉಚಿತ. ಅವನು ಇನ್ನೂ ಪೂರ್ತಿ ಬಿಟ್ಟಿಲ್ಲ. ಆದ್ರೆ ವಾರಕ್ಕೊಮ್ಮೆ ನನಗೆ ಮೆಸೇಜ್ ಹಾಕ್ತಾನೆ, ನಾನು ಉತ್ತರ ಕೊಡ್ತೀನಿ.

ಗ್ಯಾಜೆಟ್ ರಿವ್ಯೂಗಳಲ್ಲಿ ಬ್ಯಾಟರಿ, ಲುಕ್ಕು, ರೇಟು ಎಲ್ಲಕ್ಕೂ ಮಾರ್ಕ್ಸ್ ಕೊಡ್ತೀವಿ. ಇಂಥ ವಸ್ತುವಿಗೆ ಇನ್ನೊಂದು ಪ್ರಶ್ನೆ ಸೇರಿಸಿ: ಇದನ್ನ ಬೇಡ ಅಂತ ಕೆಳಗಿಡೋದು ಎಷ್ಟು ಸುಲಭ? ಆ ಪ್ರಶ್ನೆಗೆ ನನ್ನ ಟ್ಯಾಂಕಿಗೆ ಸಿಕ್ಕಿದ್ದು ಸೊನ್ನೆ.

ಮುಂದಿನ ವಾರ ಸಿಗೋಣ. ನಿಮ್ಮ ಗೆಳೆಯರಲ್ಲಿ ಯಾರಾದ್ರೂ ಕರ್ಚೀಫ್‌ನಲ್ಲಿ ಸುತ್ತಿ ಏನಾದ್ರೂ ಇಟ್ಕೊಂಡಿದ್ರೆ, ಈ ಎಪಿಸೋಡ್ ಅವರಿಗೂ ಕಳಿಸಿ.