ಎರಡನೇ ಬೋರ್ಡಿಗೂ ಅರ್ಥಿಂಗ್ ಬೇಕು



ನಮ್ಮ ಹನಗೋಡು ಹೋಬಳಿಯಲ್ಲಿ ಈಗ ಮನೆಗೆ ಒಂದೇ ಬೋರ್ಡು ಸಾಲದು. ಕೊಟ್ಟಿಗೆಯ ಮೇವು ಕತ್ತರಿಸುವ ಯಂತ್ರಕ್ಕೆ, ಹೊಗೆಸೊಪ್ಪಿನ ಬ್ಯಾರನ್ ಹತ್ತಿರದ ದೀಪಕ್ಕೆ ಅಂತ ಇನ್ನೊಂದು ಬೋರ್ಡು ಹಾಕಿಸುತ್ತೇವೆ. ಸಂತೋಷ. ಆದರೆ ಫೇಸು, ನ್ಯೂಟ್ರಲ್ ಎರಡೇ ತಂತಿ ಎಳೆದು, ಕಾಸು ಉಳಿಸಲು ಅರ್ಥಿಂಗನ್ನು ನ್ಯೂಟ್ರಲ್ಲಿಗೇ ಗಂಟು ಹಾಕುವುದುಂಟು. ಇದು ಬಹಳ ಅಪಾಯ ಕಣ್ರೀ! ಮೇನ್ ಬೋರ್ಡಿನಿಂದ ಬರುವ ಆ ನ್ಯೂಟ್ರಲ್ ಕಡಿದುಹೋದರೆ, ಸ್ವಿಚ್ ಹಾಕಿದ ಕೂಡಲೇ ಯಂತ್ರದ ಕಬ್ಬಿಣದ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಮುಟ್ಟುವವರು ನಾವು, ಇಲ್ಲವೇ ನಮ್ಮ ಹಸು.

ಆದ್ದರಿಂದ ಮೂರನೆಯದಾಗಿ ಹಸಿರು ತಂತಿ ಎಳೆಸಿ. ಎರಡನೇ ಬೋರ್ಡಿನಲ್ಲಿ ನ್ಯೂಟ್ರಲ್ ಪಟ್ಟಿಯೇ ಬೇರೆ, ಅರ್ಥ್ ಪಟ್ಟಿಯೇ ಬೇರೆ ಇರಲಿ. ತಗಡಿನ ಪೆಟ್ಟಿಗೆಯನ್ನೂ ಅರ್ಥ್ ಪಟ್ಟಿಗೆ ಸೇರಿಸಬೇಕು. ಅರ್ಥಿಂಗ್ ಗುಂಡಿಯಲ್ಲಿ ಎರಡೂವರೆ ಮೀಟರ್ ಪೈಪು, ಸುತ್ತ ಇದ್ದಿಲು-ಉಪ್ಪು ಇರಲಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹುಯ್ಯಿರಿ. ಒಣಮಣ್ಣು ಕರೆಂಟನ್ನು ಸರಿಯಾಗಿ ಒಯ್ಯದು. ಮಣ್ಣಿನಲ್ಲಿ ಹರಿಯುವಷ್ಟು ಕರೆಂಟಿಗೆ ಅನೇಕ ವೇಳೆ ಎಂಸಿಬಿ ಬೀಳುವುದೇ ಇಲ್ಲ. ಹಾಗಾಗಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯೂ ಬೇಕು. ಆಗಾಗ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಸಂಘದಿಂದ ಸಾಲ ಪಡೆದು ಹಸು ಕಟ್ಟಿದ್ದೇವೆ. ಒಂದು ತಂತಿಯ ಉಳಿತಾಯಕ್ಕೆ ಅದನ್ನೂ ಮನೆಯವರನ್ನೂ ಪಣಕ್ಕಿಡುವುದು ಬೇಡ.