ಕಲ್ಲಿನ ಸಾಲು, ಕಡತದ ಸಾಲು



ಶಾಸನ ಪಾಠಗಳನ್ನು ಗಣಕದ ನೆರವಿನಿಂದ ಓದುವ ಬಗೆಯನ್ನು ಕುರಿತ ಈ ಸಂಕಿರಣ ಹರವೆಯಲ್ಲಿ ನಡೆಯುತ್ತಿರುವುದು ನನಗೆ ನಿಜವಾದ ಸಂತೋಷ. ಈ ಚಾಮರಾಜನಗರ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ತಾಲ್ಲೂಕಿಗೊಂದು ಗುರುತು, ಪಕ್ಕದಲ್ಲೊಂದು ಸಂಖ್ಯೆ. ಅಷ್ಟರಿಂದಲೇ ಇಂಥದೇ ಕಲ್ಲು ಎಂದು ಬೊಟ್ಟು ಮಾಡಿ ತೋರಿಸಬಹುದಿತ್ತು. ಗಣಕ ಕೇಳುವ ಶಿಸ್ತು ಶಾಸನ ಓದುವವರಲ್ಲಿ ಮೊದಲೇ ಇತ್ತು ಎಂದು ನಾನು ನಂಬುತ್ತೇನೆ.

ನಾವು ಇಂದು ಕೈಗೆತ್ತಿಕೊಳ್ಳುತ್ತಿರುವ ಸಲಕರಣೆಗಳು ಮೂರು: ಗ್ರೆಪ್, ಸೆಡ್, ಆಕ್. ಮೂರೂ 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದವು. ಇವು ಎಂಜಿನಿಯರುಗಳ ಸಾಮಾನು, ನಮಗೇಕೆ ಎಂದು ಸಾಹಿತ್ಯದವರು ಹಿಂಜರಿಯಬಾರದು. ಅಲ್ಲಿದ್ದ ಲೀ ಮೆಕ್‌ಮಹೊನ್ ಅವರಿಗೆ ‘ಫೆಡರಲಿಸ್ಟ್’ ಎಂಬ 85 ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರು ಎಂದು ತಿಳಿಯಬೇಕಿತ್ತು. ಅಷ್ಟು ದೊಡ್ಡ ಪಠ್ಯ ಆಗಿನ ಸಂಪಾದಕ ತಂತ್ರಾಂಶದಲ್ಲಿ ಹಿಡಿಯಲಿಲ್ಲ. ಆಗ ಕೆನ್ ಥಾಂಪ್ಸನ್ ಅದರ ಹುಡುಕುವ ಭಾಗವನ್ನಷ್ಟೇ ಬೇರೆ ತೆಗೆದು ಗ್ರೆಪ್ ಮಾಡಿಕೊಟ್ಟರೆಂದು ಅವರ ಸಹೋದ್ಯೋಗಿ ಬ್ರಯನ್ ಕರ್ನಿಘನ್ ಹೇಳಿದ್ದಾರೆ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ತಲೆಮಾರುಗಳ ಕಾಲ ಚರ್ಚಿಸಿದವರು ನಾವು. ಗ್ರೆಪ್ ಹುಟ್ಟಿದ್ದು ಅಂಥದೇ ಪ್ರಶ್ನೆಯಿಂದ.

ಈಗ ಈ ಹಲಗೆಯ ಮೇಲೆ ಬರೆದಿರುವ ಆದೇಶವನ್ನು ನೋಡಿ:

$3 ~ /ೞ/

ಇದು ಆಕ್‌ನ ಒಂದು ಪೂರ್ತಿ ಕಾರ್ಯಕ್ರಮ. ನಮ್ಮ ಕಡತದ ಪ್ರತಿ ಸಾಲಿನಲ್ಲಿ ಮೂರು ಅಂಕಣಗಳಿವೆ: ಶಾಸನದ ಸಂಖ್ಯೆ, ಸಾಲಿನ ಸಂಖ್ಯೆ, ಪಾಠ. ಅವನ್ನು ಬೇರ್ಪಡಿಸುವ ಗುರುತು ಯಾವುದೆಂದು ಮೊದಲೇ ತಿಳಿಸಿದ್ದೇವೆ. ‘ಮೂರನೆಯ ಅಂಕಣದಲ್ಲಿ ೞ ಇದ್ದರೆ’ ಎಂದಷ್ಟೇ ಇಲ್ಲಿ ಬರೆದಿದೆ. ಕಡತವನ್ನು ತೆರೆ, ಒಂದೊಂದೇ ಸಾಲು ತೆಗೆದುಕೋ, ಹೊಂದಿದರೆ ಇಡೀ ಸಾಲನ್ನು ತೋರಿಸು, ಮುಗಿಯುವವರೆಗೂ ಹೀಗೇ ಮಾಡು ಎಂಬುದನ್ನು ಬರೆದೇ ಇಲ್ಲ. ಹಳೆಯ ಪದ್ಯಕ್ಕೆ ಅರ್ಥ ಹೇಳುವಾಗ ಕವಿ ಬಿಟ್ಟ ಪದವನ್ನು ಅಧ್ಯಾಹಾರ ಮಾಡಿಕೊಳ್ಳುತ್ತೇವಲ್ಲ, ಇಲ್ಲಿಯೂ ಅದೇ ಕೆಲಸ. ಚಿಕ್ಕ ಆದೇಶ ಕಷ್ಟವೆನಿಸುವುದು ಅದರಲ್ಲಿರುವ ಚಿಹ್ನೆಗಳಿಂದಲ್ಲ, ಹೇಳದೆ ಬಿಟ್ಟ ಮಾತುಗಳಿಂದ. ಓಡಿಸುವ ಮೊದಲು ಅದನ್ನು ಕನ್ನಡದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿ ಎಂಬುದು ನನ್ನ ಆಗ್ರಹ.

ಕೞ್ತೆ ಕತ್ತೆಯಾಗಿ, ಏೞು ಏಳಾಗಿ ೞಕಾರ ಕರಗಿಹೋದ ಚರಿತ್ರೆ ನಿಮಗೆ ಗೊತ್ತಿದೆ. ಯಾವ ಶಾಸನದಲ್ಲಿ ಅದು ಉಳಿದಿದೆ, ಯಾವುದರಲ್ಲಿ ಇಲ್ಲ ಎಂದು ಈ ಆದೇಶ ಕ್ಷಣದಲ್ಲಿ ಹೇಳುತ್ತದೆ. ಆದರೆ ಯುನಿಕೋಡ್‌ನಲ್ಲಿ ಈ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅವರ ನಿಯಮವಾದ್ದರಿಂದ ತಿದ್ದುಪಡಿಯ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಹೆಸರು ಹಿಡಿದು ಹುಡುಕಿದವರಿಗೆ ೞ ಸಿಕ್ಕದೆ ಹೋಗಬಹುದು.

ಎಣಿಕೆಯಲ್ಲೂ ಎಚ್ಚರ ಬೇಕು. ‘ಹರವೆ’ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ನಾಲ್ಕು, ಏಕೆಂದರೆ ಎತ್ವ ಬೇರೆಯಾಗಿ ನಿಲ್ಲುತ್ತದೆ. ಯುಟಿಎಫ್-8 ಕಡತದಲ್ಲಿ ಅದು ಹನ್ನೆರಡು ಬೈಟು. ಯಾವುದಾದರೂ ಒಂದು ಅಕ್ಷರ ಎಂಬರ್ಥದ ಚುಕ್ಕಿಯನ್ನು ಮೂರು ಸಲ ಇಟ್ಟರೆ ಈ ಊರಿನ ಹೆಸರು ಪೂರ್ತಿ ಹಿಡಿಯದು. ಇನ್ನು ಕನ್ನಡ ಅಂಕಿಯ ೧೨ನ್ನು ಕೂಡಿಸಹೋದರೆ ಆಕ್ ಅದನ್ನು ಸೊನ್ನೆಯೆಂದೇ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕಲ್ಲಿನಲ್ಲೇ ಇದೆ. ಕಲ್ಲುಕುಟಿಗ ಪದ ನೋಡಿ ಸಾಲು ಮುರಿದವನಲ್ಲ; ಜಾಗ ಮುಗಿದಲ್ಲಿ ನಿಲ್ಲಿಸಿ, ಕೆಳಗಿನ ಸಾಲಿನಲ್ಲಿ ಮುಂದುವರಿಸಿದವನು. ‘ಆಚಂ’ ಒಂದು ಸಾಲಿನ ಕೊನೆಗೆ, ‘ದ್ರಾರ್ಕ’ ಮುಂದಿನ ಸಾಲಿನ ಮೊದಲಿಗೆ ಬಿದ್ದರೆ ಗ್ರೆಪ್‌ಗೆ ಎರಡೂ ಕಡೆ ‘ಆಚಂದ್ರಾರ್ಕ’ ಸಿಕ್ಕುವುದಿಲ್ಲ. ಸಿಕ್ಕಲಿಲ್ಲವೆಂದು ಅದು ದೂರುವುದೂ ಇಲ್ಲ. ನಾವು ‘ಈ ಶಾಸನದಲ್ಲಿ ಆ ಮಾತಿಲ್ಲ’ ಎಂದು ಬರೆದುಬಿಡುತ್ತೇವೆ! ಹಾಗಾಗಿ ಹಿಂದಿನ ಸಾಲನ್ನು ನೆನಪಿಟ್ಟು, ಮುಂದಿನದರೊಡನೆ ಜೋಡಿಸಿ ನೋಡುವುದನ್ನು ಆಕ್‌ಗೆ ಹೇಳಿಕೊಡಬೇಕು. ಸೆಡ್‌ನಲ್ಲಿಯೂ ಮುಂದಿನ ಸಾಲನ್ನು ಸೆಳೆದುಕೊಳ್ಳುವ ಆದೇಶವಿದೆ. ಜೋಡಿಸಿದ ಪ್ರತಿ ಬೇರೆಯೇ ಇರಲಿ, ಅದರಲ್ಲಿಯೂ ಕಲ್ಲಿನ ಸಾಲುಸಂಖ್ಯೆ ಅಳಿಯದಿರಲಿ.

ಒಂದು ಪದವನ್ನು ಕಡತದುದ್ದಕ್ಕೂ ಬದಲಿಸಬಲ್ಲ ಸೆಡ್ ಬಗ್ಗೆ ನನಗೊಂದು ಭಯವೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ಹೆಸರಿನಲ್ಲಿ ಅರಿಕುಠಾರವನ್ನು ಚಾಮರಾಜನಗರ ಎಂದು ಕರೆದರು. ಓದುಗರಿಗೆ ಅನುಕೂಲವಾಗಲೆಂದು ಯಾರಾದರೂ ಕಡತದಲ್ಲೆಲ್ಲ ಹಳೆಯ ಹೆಸರನ್ನು ಬದಲಿಸುವ ಆದೇಶ ಕೊಟ್ಟರೆ, ಅದಕ್ಕೂ ಶತಮಾನಗಳ ಹಿಂದಿನ ಕಲ್ಲು ಆಗಿನ್ನೂ ಹುಟ್ಟದ ಊರಹೆಸರನ್ನು ನುಡಿಯತೊಡಗುತ್ತದೆ. ಈಗಿನ ಹೆಸರಿಗೆ ನಾಲ್ಕನೆಯ ಅಂಕಣವೊಂದನ್ನು ತೆರೆಯೋಣ, ಮೂರನೆಯದನ್ನು ಮುಟ್ಟದಿರೋಣ.

ಹೀಗೆ ಮಾಡಿದ ಪ್ರತಿಯೊಂದು ಆದೇಶವನ್ನೂ ದಿನಾಂಕ ಹಾಕಿ, ಪಾಠದ ಜೊತೆಯಲ್ಲೇ ಕಾಪಾಡಿ. ಸಂಪಾದಕರು ಏನನ್ನು ಹುಡುಕಿದರು, ಏನನ್ನು ಕೈಬಿಟ್ಟರು ಎಂಬ ಸಾಕ್ಷ್ಯ ಅದರಲ್ಲಿರುತ್ತದೆ. ಮಧ್ಯಾಹ್ನದ ಗೋಷ್ಠಿಗೆ ಸಿದ್ಧಪಡಿಸಿರುವ ಕಡತದಲ್ಲಿ ‘ಆಚಂದ್ರಾರ್ಕ’ವನ್ನು ಬೇಕೆಂದೇ ಮೂರು ಕಡೆ ಮುರಿದಿಟ್ಟಿದ್ದೇನೆ. ಮೊದಲು ಕಣ್ಣಿನಿಂದ ಹುಡುಕಿ, ಆಮೇಲೆ ಆದೇಶ ಬರೆಯಿರಿ.