ಗುರಿ ಪಿಸ್ತೂಲು: ಆನಂದ ಮೊದಲೋ, ಒಡೆತನ ಮೊದಲೋ?



ಪ್ರಗತಿಪರ ಕನ್ನಡಿಗರ ಸಭೆಯೊಂದರಲ್ಲಿ ಪಿಸ್ತೂಲಿನ ಸುಖದ ಬಗ್ಗೆ ಮಾತೇಕೆ ಎಂಬ ಪ್ರಶ್ನೆ ಸಹಜವಾದದ್ದು. ಕನ್ನಡದ ವಿಚಾರವಂತರ ಕಿವಿಗೆ ಪಿಸ್ತೂಲು ಎಂಬುದು ಇಂದು ಬರಿಯ ಪದವಾಗಿ ಉಳಿದಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ ತಮ್ಮ ಮನೆಯಲ್ಲೇ ಹತ್ಯೆಗೊಳಗಾದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲಿ ಬಿದ್ದರು. ಎರಡೂ ಕಡೆ ಹಾರಿದ್ದು 7.65 ಮಿಲಿಮೀಟರ್ ಗುಂಡು. ಎರಡನ್ನೂ ಹಾರಿಸಿದ್ದು ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಗಾತ್ರದ ಲೆಕ್ಕದಲ್ಲಿ ಅದೂ ಸಣ್ಣ ಗುಂಡೇ.

ಈ ನೆನಪನ್ನು ಹೊತ್ತ ಸಮುದಾಯದೊಳಗೇ, ವಿಶೇಷವಾಗಿ ಅಮೆರಿಕದಲ್ಲಿ, ಪಿಸ್ತೂಲು ಕೊಂಡವರಿದ್ದಾರೆ, ಕೊಳ್ಳಬೇಕೆಂದಿರುವವರೂ ಇದ್ದಾರೆ. ಕೂಟದ ಊಟದ ಪಂಕ್ತಿಯಲ್ಲಿ ಅವರು ಅದನ್ನು ಹೇಳಿಕೊಳ್ಳುವುದಿಲ್ಲ; ಹೇಳಿಕೊಂಡರೆ ಒಂದು ಬದಿಯಿಂದ ಧಿಕ್ಕಾರ, ಇನ್ನೊಂದು ಬದಿಯಿಂದ ಅತಿ ಉತ್ಸಾಹ ಎದುರಾಗುತ್ತದೆ. ಎರಡರಿಂದಲೂ ವಿಷಯ ತಿಳಿಯುವುದಿಲ್ಲ. ಹೊಸಬರೊಬ್ಬರು ಸಣ್ಣ ಕ್ಯಾಲಿಬರಿನ ಗುರಿ ಪಿಸ್ತೂಲನ್ನು 'ಕೊಂಡು ಆನಂದಿಸುತ್ತಾರೆ' ಎಂದಾಗ ಅಲ್ಲಿ ಎರಡು ಕ್ರಿಯೆಗಳಿವೆ. ಈ ಉಪನ್ಯಾಸದ ವಿಚಾರ ಇಷ್ಟೇ: ಆ ಎರಡರಲ್ಲಿ ಯಾವುದು ಮೊದಲು ಬರುತ್ತದೆ ಎಂಬುದರ ಮೇಲೆ ಒಂದು ಮನೆಯ, ಒಂದು ದೇಶದ ಕ್ಷೇಮ ಬಹುಮಟ್ಟಿಗೆ ನಿಂತಿದೆ.

ಮೊದಲು ವಸ್ತುವನ್ನು ನೋಡಬೇಕು. ಪಾಯಿಂಟ್ 22 ಲಾಂಗ್ ರೈಫಲ್ ಎಂಬ ತೋಟಾ 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ ಬಂತು. ಹೆಸರಿನಲ್ಲಿ ರೈಫಲ್ ಇದ್ದರೂ ಅದನ್ನು ಪಿಸ್ತೂಲಿನಲ್ಲೂ ಬಳಸುತ್ತಾರೆ. ಸಾಮಾನ್ಯವಾಗಿ ಅದರ ಸೀಸದ ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ದೊಡ್ಡ ತೋಟಾಗಳಲ್ಲಿ ಕಿಡಿಮದ್ದು ತಳದ ನಡುವೆ ಇದ್ದರೆ ಇದರಲ್ಲಿ ತಳದ ಅಂಚಿನ ಸುತ್ತ ತುಂಬಿರುತ್ತದೆ. ಪಿಸ್ತೂಲಿನ ಸೂಜಿ ಆ ಅಂಚನ್ನೇ ಜಜ್ಜಿ ಹೊತ್ತಿಸುತ್ತದೆ. ತಯಾರಿಕೆ ಸರಳ, ಬೆಲೆ ಕಡಿಮೆ, ಒದೆತ ಅತ್ಯಲ್ಪ. 1949ರಲ್ಲಿ ಬಿಲ್ ರೂಗರ್ ಮತ್ತು ಚಿತ್ರಕಾರ ಅಲೆಕ್ಸಾಂಡರ್ ಸ್ಟರ್ಮ್ ಕನೆಕ್ಟಿಕಟ್ಟಿನಲ್ಲಿ ಆರಂಭಿಸಿದ ಕಂಪನಿ ಈ ತೋಟಾಕ್ಕೆ ಒಂದು ಪಿಸ್ತೂಲು ಮಾಡಿ ಮೂವತ್ತೇಳೂವರೆ ಡಾಲರಿಗೆ ಮಾರಿತು. ಅದರ ನಾಲ್ಕನೆಯ ತಲೆಮಾರು 2016ರಲ್ಲಿ ಬಂತು. ಹಿಂದಿನವುಗಳನ್ನು ಶುಚಿಗೊಳಿಸಲು ಬಿಚ್ಚಿದ ಹೊಸಬರು ಮತ್ತೆ ಜೋಡಿಸಲಾಗದೆ ತಲೆ ಕೆರೆದುಕೊಳ್ಳುತ್ತಿದ್ದರು. ಹೊಸದು ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ.

ಇದರ ಆನಂದ ನಿಜವಾದದ್ದು. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ದೊಡ್ಡ ಪಿಸ್ತೂಲಿನಿಂದ ಆರಂಭಿಸಿದವರು ಸದ್ದಿಗೆ, ಒದೆತಕ್ಕೆ ಬೆದರುತ್ತಾರೆ. ಗುಂಡು ಹಾರುವ ಮುನ್ನವೇ ಕಣ್ಣು ಮುಚ್ಚುತ್ತದೆ, ಮಣಿಕಟ್ಟು ಬಾಗುತ್ತದೆ, ಗುಂಡು ಗುರಿಯ ಕೆಳಗೆ ಬೀಳುತ್ತದೆ. ಪಾಯಿಂಟ್ 22 ಹೊಸಬರನ್ನು ಹಾಗೆ ದಂಡಿಸುವುದಿಲ್ಲ. ಆದರೆ ಅವರ ತಪ್ಪನ್ನು ಮುಚ್ಚಿಡುವುದೂ ಇಲ್ಲ. ಒಳ್ಳೆಯ ತರಬೇತುದಾರರು ನಿಜವಾದ ತೋಟಾಗಳ ನಡುವೆ ಶಿಷ್ಯರಿಗೆ ತಿಳಿಯದಂತೆ ಒಂದು ಹುಸಿ ತೋಟಾ ಸೇರಿಸಿಡುತ್ತಾರೆ. ಟ್ರಿಗರ್ ಎಳೆದಾಗ ಸದ್ದಿಲ್ಲ, ಗುಂಡಿಲ್ಲ. ನಳಿಕೆಯ ತುದಿ ಮಾತ್ರ ತಟ್ಟನೆ ಕೆಳಗೆ ಕುಸಿಯುತ್ತದೆ. ತನ್ನ ಭಯವನ್ನು ತಾನೇ ಕಣ್ಣಾರೆ ಕಾಣುವ ಗಳಿಗೆ ಅದು.

ಮುಂದಿನ ಪಾಠ ನೋಟದ್ದು. ಕಣ್ಣು ಏಕಕಾಲಕ್ಕೆ ಹಿಂಬದಿಯ ಗುರಿಗಚ್ಚು, ನಳಿಕೆಯ ತುದಿಯ ಗುರಿಮೊನೆ, ದೂರದ ಫಲಕ ಮೂರನ್ನೂ ಸ್ಪಷ್ಟವಾಗಿ ಕಾಣಲಾರದು. ಆದ್ದರಿಂದ ಮೊನೆಯನ್ನು ಸ್ಪಷ್ಟವಾಗಿಟ್ಟುಕೊಂಡು ಫಲಕವನ್ನು ಮಸುಕಾಗಲು ಬಿಡಬೇಕು. ಗುರಿ ಮುಟ್ಟಲು ಗುರಿಯಿಂದ ದೃಷ್ಟಿಯನ್ನು ಹಿಂದಕ್ಕೆ ತಂದುಕೊಳ್ಳುವ ಈ ವಿಚಿತ್ರ ಶಿಸ್ತು ರೂಢಿಯಾಗಲು ತಿಂಗಳುಗಳು ಬೇಕು. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರನ್ನು ಜಗ್ಗದೆ, ಒತ್ತಡವನ್ನು ಸಮನಾಗಿ ಏರಿಸುತ್ತ ಹೋಗಬೇಕು. ಏಳೆಂಟು ಮೀಟರಿನಲ್ಲಿ ಅಂಗೈಯಗಲಕ್ಕೆ ಚದುರುತ್ತಿದ್ದ ರಂಧ್ರಗಳು ಕ್ರಮೇಣ ಹತ್ತಿರ ಬರುತ್ತವೆ. ಆಮೇಲೆ 25 ಮೀಟರು. ಸ್ಪರ್ಧೆಯ ನಿಖರತೆಯ ಫಲಕದಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಅಲ್ಲಿಂದ ಕೇವಲ 5 ಸೆಂಟಿಮೀಟರ್. ಹೊಡೆಯುವವರಿಗೆ ಎದುರಾಳಿ ಇಲ್ಲ, ಮೋಸಕ್ಕೆ ಅವಕಾಶವಿಲ್ಲ. ದಿನವಿಡೀ ಪರದೆಯ ಮುಂದೆ ಕೂತು ದುಡಿಯುವವರಿಗೆ ಈ ಏಕಾಗ್ರತೆ ಹಿಡಿಸಿದರೆ ಅದರಲ್ಲಿ ಆಶ್ಚರ್ಯವೂ ಇಲ್ಲ, ಅಪರಾಧವೂ ಇಲ್ಲ.

ಆದರೆ ಸಣ್ಣದು ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಈ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು. 1968ರ ಜೂನ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ರಾಬರ್ಟ್ ಕೆನಡಿಯವರನ್ನು ಕೊಂದದ್ದು ಪಾಯಿಂಟ್ 22 ರಿವಾಲ್ವರ್. 1981ರಲ್ಲಿ ಅಧ್ಯಕ್ಷ ರೇಗನ್ ಅವರ ಎದೆಗೆ ಹೊಕ್ಕದ್ದೂ ಅದೇ ಅಳತೆಯ ಗುಂಡು. ಆ ದಿನ ತಲೆಗೆ ಪೆಟ್ಟು ಬಿದ್ದು ಬದುಕಿನುದ್ದಕ್ಕೂ ಅಂಗವಿಕಲರಾದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ಹೆಸರನ್ನೇ 1993ರ ಕಾಯಿದೆ ಹೊತ್ತಿದೆ. ಇಂದು ಅಮೆರಿಕದ ಅಂಗಡಿಯಲ್ಲಿ ಪಾಯಿಂಟ್ 22 ಪಿಸ್ತೂಲು ಕೊಳ್ಳುವವರ ಹಿನ್ನೆಲೆ ತಪಾಸಣೆ ನಡೆಯುವುದು ಆ ಕಾಯಿದೆಯ ಫಲವಾಗಿ.

ಇನ್ನು ಇದೇ ವಸ್ತುವನ್ನು ಮೂರು ದೇಶಗಳು ಹೇಗೆ ನಡೆಸಿಕೊಂಡಿವೆ ಎಂಬುದನ್ನು ನೋಡಬಹುದು.

ಬ್ರಿಟನ್ನಿನಲ್ಲಿ 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಗೆ ನುಗ್ಗಿದವನೊಬ್ಬ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದ. ಅವನ ಪಿಸ್ತೂಲುಗಳಿಗೆ ಪರವಾನಗಿ ಇತ್ತು. ನಿಷೇಧಕ್ಕೆ ಆಗ್ರಹಿಸಿದ ಮನವಿಗೆ ಏಳು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 1997ರ ಮೊದಲ ಕಾಯಿದೆ ದೊಡ್ಡ ಪಿಸ್ತೂಲುಗಳನ್ನು ನಿಷೇಧಿಸಿತು. ಪಾಯಿಂಟ್ 22 ಅನ್ನು ಮಾತ್ರ ಪರವಾನಗಿ ಪಡೆದ ಕ್ಲಬ್ಬುಗಳಲ್ಲಿ, ಮನೆಯಿಂದ ದೂರ, ಇಡಲು ಬಿಟ್ಟಿತು. ಆನಂದವನ್ನು ಉಳಿಸಿ ಮನೆಯನ್ನು ಬೇರ್ಪಡಿಸುವ ಆಲೋಚನೆ ಅದು. ಅದೇ ವರ್ಷ ಸರ್ಕಾರ ಬದಲಾಯಿತು, ಎರಡನೆಯ ಕಾಯಿದೆ ಪಾಯಿಂಟ್ 22 ಅನ್ನೂ ನಿಷೇಧಿಸಿತು. ಉತ್ತರ ಐರ್ಲೆಂಡಿಗೆ ಇದು ಅನ್ವಯಿಸಲಿಲ್ಲ. ಹದಿನೈದು ವರ್ಷಗಳ ನಂತರ, 2012ರ ಲಂಡನ್ ಒಲಿಂಪಿಕ್ಸಿನಲ್ಲಿ, ಭಾರತದ ಯೋಧ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದದ್ದು ಪಾಯಿಂಟ್ 22 ಪಿಸ್ತೂಲಿನಿಂದ. ಆ ಊರಿನ ಸಾಮಾನ್ಯ ನಿವಾಸಿಗೆ ಆ ಕ್ರೀಡೆಯ ಪಿಸ್ತೂಲನ್ನು ಇಟ್ಟುಕೊಳ್ಳುವ ಅವಕಾಶವಿರಲಿಲ್ಲ. ಕ್ರೀಡೆಗೆ ನಷ್ಟವಾದದ್ದು ನಿಜ. ಆ ನಷ್ಟವನ್ನು ಒಂದು ಸಮಾಜ ಯೋಚಿಸಿಯೇ ಒಪ್ಪಿಕೊಂಡಿತು ಎಂಬುದೂ ನಿಜ.

ಜರ್ಮನಿ ಬೇರೆ ದಾರಿ ಹಿಡಿಯಿತು. ಅಲ್ಲಿ ಹೊಸಬರು ಮೊದಲು ಕ್ಲಬ್ ಸೇರಬೇಕು. ಕನಿಷ್ಠ 12 ತಿಂಗಳು ಕ್ಲಬ್ಬಿನ ಬಂದೂಕಿನಲ್ಲೇ ನಿಯಮಿತವಾಗಿ ಅಭ್ಯಾಸ ಮಾಡಬೇಕು: ತಿಂಗಳಿಗೊಮ್ಮೆ ಅಥವಾ ವರ್ಷಕ್ಕೆ 18 ಬಾರಿ. ಪರೀಕ್ಷೆ ಪಾಸಾಗಬೇಕು, ಸ್ವಂತ ಪಿಸ್ತೂಲಿನ ಅಗತ್ಯವನ್ನು ಕ್ರೀಡಾ ಸಂಘಟನೆ ದೃಢೀಕರಿಸಬೇಕು, ಆಮೇಲೆ ಅರ್ಜಿ. ಅಂದರೆ ಆನಂದ ಮೊದಲು, ಒಡೆತನ ಆಮೇಲೆ. ವರ್ಷವಿಡೀ ಜೊತೆಗೆ ಗುರಿ ಹೊಡೆದವರು ಹೊಸಬರ ಸಿಟ್ಟು, ಕುಡಿತ, ಖಿನ್ನತೆ ಎಲ್ಲವನ್ನೂ ಹತ್ತಿರದಿಂದ ಕಂಡಿರುತ್ತಾರೆ. ಇಂಥ ನೋಟ ಯಾವ ಅರ್ಜಿಯ ನಮೂನೆಗೂ ದಕ್ಕುವಂಥದಲ್ಲ. ಈ ಪದ್ಧತಿಯೂ ಸೋತಿದೆ. 2002ರಲ್ಲಿ ಎರ್‌ಫುರ್ಟ್ ಶಾಲೆಯಲ್ಲಿ 16 ಜನರನ್ನು ಕೊಂದವನು ಕ್ಲಬ್ ಸದಸ್ಯನೇ ಆಗಿದ್ದ. 2009ರಲ್ಲಿ ವಿನ್ನೆಂಡೆನ್‌ನಲ್ಲಿ 15 ಜನರನ್ನು ಕೊಂದ ಹದಿಹರೆಯದವನ ಕೈಗೆ ಸಿಕ್ಕಿದ್ದು ತಂದೆಯ ಪಿಸ್ತೂಲು. ಉಳಿದ ಬಂದೂಕುಗಳು ತಿಜೋರಿಯಲ್ಲಿದ್ದವು, ಅದೊಂದು ಮಲಗುವ ಕೋಣೆಯಲ್ಲಿ ಬೀಗವಿಲ್ಲದೆ ಇತ್ತು. ತಂದೆಗೆ ಶಿಕ್ಷೆಯಾಯಿತು, ಮನೆಗಳಲ್ಲಿ ಬಂದೂಕು ಇಟ್ಟಿರುವ ರೀತಿಯನ್ನು ಅಧಿಕಾರಿಗಳು ಬಂದು ಪರಿಶೀಲಿಸುವ ಕಾನೂನು ಬಂತು.

ಅಮೆರಿಕದಲ್ಲಿ ಈ ಕ್ರಮ ತಲೆಕೆಳಗು. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆಯಾದರೂ, ಹಲವೆಡೆ 21 ತುಂಬಿದವರು ಅಂಗಡಿಯಲ್ಲಿ ಒಂದು ನಮೂನೆ ತುಂಬಿ, ತಪಾಸಣೆ ಮುಗಿಸಿ, ಒಂದು ಗುಂಡನ್ನೂ ಹಾರಿಸಿ ನೋಡದೆ ಪಿಸ್ತೂಲಿನೊಂದಿಗೆ ಮನೆಗೆ ಹೋಗಬಹುದು. ಒಡೆತನ ಮೊದಲು, ಕಲಿಕೆ ಮನಸ್ಸಿದ್ದರೆ. ಈ ಕ್ರಮ ಆ ದೇಶದ ಹುಟ್ಟುಗುಣವೇನೂ ಅಲ್ಲ. ನ್ಯಾಷನಲ್ ರೈಫಲ್ ಅಸೋಸಿಯೇಷನ್ 1871ರಲ್ಲಿ ಹುಟ್ಟಿದ್ದು ಗುರಿ ಹೊಡೆಯುವ ಕೌಶಲವನ್ನು ಕಲಿಸಲು. 1977ರ ಸಿನ್ಸಿನಾಟಿ ಅಧಿವೇಶನದಲ್ಲಿ, ಸಂಸ್ಥೆಯನ್ನು ಕ್ರೀಡೆ ಮತ್ತು ಹೊರಾಂಗಣ ಚಟುವಟಿಕೆಯತ್ತ ಒಯ್ಯಬೇಕೆಂದಿದ್ದ ನಾಯಕತ್ವವನ್ನು ಸದಸ್ಯರು ಕೆಳಗಿಳಿಸಿದರು. ಆನಂದದ ಸಂಸ್ಥೆ ಒಡೆತನದ ಸಂಸ್ಥೆಯಾಯಿತು.

ವಲಸೆಯ ಕನ್ನಡಿಗರು ಇಲ್ಲಿ ಒಂದು ಮಾತನ್ನು ಅಗತ್ಯವಾಗಿ ತಿಳಿದಿರಬೇಕು. ಎಚ್-1ಬಿ, ವಿದ್ಯಾರ್ಥಿ ವೀಸಾಗಳಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಲ್ಲಿನ ಕೇಂದ್ರ ಕಾನೂನಿನಂತೆ ಅಪರಾಧ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿದರೂ ಅದು ಹೊಂದಿದಂತೆಯೇ. ಗೆಳೆಯರು ಕರೆದರೆಂದು ಹೋಗಿ ತೆಗೆಸಿಕೊಂಡ ಒಂದು ಫೋಟೋ ವಲಸೆಯ ಕನಸನ್ನೇ ಮುಗಿಸಬಲ್ಲದು. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ನಿರ್ಬಂಧವಿಲ್ಲ. ರೇಂಜಿಗೆ ಒಯ್ಯುವ ಚೀಲವನ್ನು ಊರಿನ ಪ್ರಯಾಣಕ್ಕೆ ಬಳಸಬಾರದು ಎಂಬುದೂ ಅಷ್ಟೇ ಮುಖ್ಯ. ಮೂಲೆಯಲ್ಲಿ ಮರೆತುಹೋದ ಒಂದು ತೋಟಾ ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯಿದೆಯ ಮೊಕದ್ದಮೆಯಾಗಬಹುದು.

ಎಲ್ಲಕ್ಕಿಂತ ಗಂಭೀರವಾದದ್ದು ಮನೆಯ ಮಾತು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830. ಅವರಲ್ಲಿ 26,328 ಜನ ತಮ್ಮನ್ನು ತಾವೇ ಕೊಂದುಕೊಂಡವರು. ಬಹುಪಾಲು ಜನ ಬಂದೂಕು ಕೊಳ್ಳುವಾಗ ನೆನೆಸಿಕೊಳ್ಳುವುದು ಹೊರಗಿನ ಕಳ್ಳನನ್ನು. ಅಂಕಿಗಳು ಬೆರಳು ತೋರುವುದು ಒಳಗಿನವರ ದುಃಖದ ಕಡೆಗೆ. ಊರಿಂದ ದೂರ, ಕೆಲಸ ಹೋದರೆ ವೀಸಾ ಹೋಗುವ ಆತಂಕ, ಪರಭಾಷೆಯಲ್ಲಿ ಬೆಳೆಯುವ ಮಕ್ಕಳ ಮೌನ ಇರುವ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಟ್ಟ ಗಳಿಗೆಯೊಂದು ಕಳೆದುಹೋಗುತ್ತದೆ. ಕೈಗೆಟುಕುವಲ್ಲಿ ಪಿಸ್ತೂಲಿದ್ದರೆ ಕಳೆಯಲು ಅದಕ್ಕೆ ಸಮಯ ಸಿಗುವುದಿಲ್ಲ. ಆತ್ಮರಕ್ಷಣೆಗೆಂದು ತುಂಬಿಟ್ಟ ಪಿಸ್ತೂಲಿಗೂ ಗುರಿಯ ಪಿಸ್ತೂಲಿಗೂ ಇರುವ ವ್ಯತ್ಯಾಸ ಇಲ್ಲಿಯೇ. ಮೊದಲನೆಯದು ಸದಾ ಕೈಗೆ ಸಿಗಬೇಕೆನ್ನುತ್ತದೆ. ಎರಡನೆಯದಕ್ಕೆ ರೇಂಜಿನ ಹೊರಗೆ ಕೆಲಸವೇ ಇಲ್ಲ. ಅದನ್ನು ಖಾಲಿ ಮಾಡಿ, ಬೀಗ ಹಾಕಿ, ತೋಟಾಗಳನ್ನು ಬೇರೆಡೆ ಇಟ್ಟರೆ ಆನಂದಕ್ಕೆ ಎಳ್ಳಷ್ಟೂ ಕೊರತೆಯಾಗದು.

ಹೊಸಬರು ಬಾಯಿಪಾಠ ಮಾಡಬೇಕಾದ ನಿಯಮಗಳು ಕೆಲವೇ. ಯಾವ ಪಿಸ್ತೂಲನ್ನೂ ತುಂಬಿದ್ದೆಂದೇ ಭಾವಿಸಬೇಕು. ಹಾಳಾಗಬಾರದ ಯಾವುದರತ್ತಲೂ ನಳಿಕೆ ತಿರುಗಬಾರದು. ಗುರಿ ಕೂಡುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿಯ ಹಿಂದೆ ಏನಿದೆಯೆಂದು ತಿಳಿದಿರಬೇಕು. ಅಂಚಿನಲ್ಲಿ ಮದ್ದಿರುವ ತೋಟಾ ಆಗಾಗ ಹೊತ್ತುವುದಿಲ್ಲ. ಆಗ ನಳಿಕೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು ನಂತರ ಹೊರತೆಗೆಯಬೇಕು. ಸದ್ದು ಸಣ್ಣದೆನಿಸಿದರೂ ಕಿವಿಗೆ, ಕಣ್ಣಿಗೆ ರಕ್ಷಣೆ ಬೇಕು. ಸೀಸದ ಪುಡಿ ಕೈಗೆ ಮೆತ್ತುವುದರಿಂದ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯಬೇಕು.

ಕರ್ನಾಟಕದಲ್ಲೂ ಬಂದೂಕನ್ನು ಸಂಸ್ಕೃತಿಯಾಗಿ ಕಂಡ ನಾಡಿದೆ. ಕೊಡಗಿನ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೆಲ್ಲ ಸೇರಿದಲ್ಲಿ ನಡೆಯುತ್ತದೆ. ಬ್ರಿಟಿಷರ ಕಾಲದಿಂದ ಬಂದ ಪರವಾನಗಿಯ ವಿನಾಯಿತಿ ಸರಿಯೇ ಎಂಬ ಚರ್ಚೆ ಬೇರೆ. ಗಮನಿಸಬೇಕಾದದ್ದು ಇದು: ಅಲ್ಲಿ ಕೋವಿ ಹೊರಬರುವುದು ಹಿರಿಯರ, ನೆರೆಹೊರೆಯ ಕಣ್ಣೆದುರು. ಜರ್ಮನಿಯ ಕ್ಲಬ್ಬಿನ ಹಿಂದಿರುವ ವಿವೇಕವೂ ಇದೇ. ಯಾರೂ ನೋಡದ ಮೇಜಿನ ಖಾನೆಯ ಪಿಸ್ತೂಲಿಗೆ ಈ ಸಾಕ್ಷಿಗಳಿಲ್ಲ.

ಕಲಬುರ್ಗಿ, ಗೌರಿಯವರನ್ನು ನೆನೆಯುವ ಸಮುದಾಯ ಗುರಿ ಹೊಡೆಯುವ ಆಟವನ್ನು ದ್ವೇಷಿಸಬೇಕಾಗಿಲ್ಲ. ಆದರೆ ಆ ಆಟವನ್ನು ಪ್ರೀತಿಸುವವರೇ ಕಾನೂನಿನ ಪರವಾಗಿ ಮೊದಲು ದನಿ ಎತ್ತಬೇಕು: ಕೊಳ್ಳುವ ಮುನ್ನ ತರಬೇತಿ ಬೇಕೆಂದು, ಮಕ್ಕಳಿರುವ ಮನೆಯಲ್ಲಿ ಬೀಗ ಕಡ್ಡಾಯವಾಗಲೆಂದು. ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಅಧಿಕೃತವಾಗಿ ಅವಕಾಶವಿರುವವರು ಒಂದು ವರ್ಷ ಬಾಡಿಗೆಯ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಲಿ. ಆಮೇಲೂ ಆಸೆ ಉಳಿದರೆ ಮನೆಯವರೆಲ್ಲರೊಂದಿಗೆ ಕೂತು ಮಾತಾಡಲಿ. ಒಬ್ಬರು ಬೇಡವೆಂದರೂ ಅಲ್ಲಿಗೆ ನಿಲ್ಲಿಸಲಿ. ಎಲ್ಲರೂ ಒಪ್ಪಿದರೆ ಮೊದಲು ತಿಜೋರಿ ಕೊಳ್ಳಲಿ, ಪಿಸ್ತೂಲು ಕೊನೆಗೆ ಬರಲಿ. ಆ ವರ್ಷದ ಕೊನೆಗೆ ಕೆಲವರಿಗಾದರೂ ಬಾಡಿಗೆಯದೇ ಸಾಕೆನಿಸುವುದು ಖಂಡಿತ. ಅವರ ಆನಂದದಲ್ಲಿ ಏನೂ ಕಡಿಮೆಯಾಗಿರುವುದಿಲ್ಲ.